ಬಲ ಬಂದ ಮೇಲೆ ಉಜ್ಜೀಯನಿಗೆ ಏನಾಯಿತು?

ಧಾರವಾಡದ ಖಜಾಂಚಿ

ಎಲ್ಲರಿಗೂ ಕರ್ತನ ನಾಮದಲ್ಲಿ ವಂದನೆಗಳು.

ಎರಡು ವಾರದಿಂದ ನಾನು ಬೈಬಲಿನ 2 ಪೂರ್ವಕಾಲವೃತ್ತಾಂತದ 26ನೇ ಅಧ್ಯಾಯ ದಾಟಿ ಮುಂದೆ ಹೋಗಿಲ್ಲ. ಯೆಹೂದದ ಅರಸ ಉಜ್ಜೀಯನ ಕಥೆ ಅದು. ಭಾನುವಾರ ಶಾಲೆಯಲ್ಲಿ ದಾವೀದ, ಸೊಲೊಮೋನರ ಕಥೆ ಕೇಳಿದಷ್ಟು ಇವನ ಕಥೆ ಕೇಳಿರುವುದಿಲ್ಲ ನಾವು.

16 ವರ್ಷಕ್ಕೆ ಪಟ್ಟಕ್ಕೆ ಬಂದ ಹುಡುಗ. 52 ವರ್ಷ ಆಳಿದ. ಗತ್, ಯಬ್ನೆ, ಅಷ್ಡೋದ್ ಊರುಗಳ ಗೋಡೆ ಕೆಡವಿದ. ಜೆರುಸಲೇಮಿನ ಬಾಗಿಲುಗಳ ಮೇಲೆ ಬುರುಜು ಕಟ್ಟಿಸಿದ. ಅಡವಿಯಲ್ಲಿ ಬಾವಿ ತೋಡಿಸಿದ. ಅವನ ಸೈನ್ಯ 3,07,500 ಜನ. ಬಾಣ, ಕಲ್ಲು ಎಸೆಯುವ ಯಂತ್ರಗಳನ್ನೂ ಮಾಡಿಸಿದ. ಇದರ ಮಧ್ಯೆ ಒಂದು ಮಾತು ಬರುತ್ತದೆ, ಅವನಿಗೆ ಬೇಸಾಯ ಅಂದರೆ ಇಷ್ಟ ಅಂತ. ಅದನ್ನು ಓದಿದಾಗ ನನಗೆ ಈ ಅರಸನ ಮೇಲೆ ಪ್ರೀತಿಯೇ ಬಂತು. ಕೆಟ್ಟವನಲ್ಲ ಇವನು. ದುಡಿಯುವ ಮನುಷ್ಯ.

ಆಮೇಲೆ 15, 16ನೇ ವಚನ. ಬಲ ಬರುವ ತನಕ ಅವನಿಗೆ ಆಶ್ಚರ್ಯವಾಗುವಷ್ಟು ಸಹಾಯ ಸಿಕ್ಕಿತು. ಬಲ ಬಂದ ಮೇಲೆ ಮನಸ್ಸು ಉಬ್ಬಿತು, ಕೆಟ್ಟ. ಯಾಜಕರು ಮಾತ್ರ ಮಾಡಬೇಕಾದ ಧೂಪದ ಸೇವೆ ತಾನೇ ಮಾಡುತ್ತೇನೆ ಅಂತ ದೇವಾಲಯದೊಳಕ್ಕೆ ನುಗ್ಗಿದ. ಯಾಜಕ ಅಜರ್ಯ, ಅವನ ಜೊತೆ 80 ಯಾಜಕರು ಎದುರು ನಿಂತು "ಇದು ನಿನ್ನ ಕೆಲಸವಲ್ಲ, ಹೊರಗೆ ಹೋಗು" ಅಂದರು. ಧೂಪಾರತಿ ಕೈಯಲ್ಲಿತ್ತು. ಸಿಟ್ಟು ಬಂತು. ಆ ಸಿಟ್ಟಿನಲ್ಲಿರುವಾಗಲೇ ಹಣೆಯ ಮೇಲೆ ಕುಷ್ಠ ಕಾಣಿಸಿಕೊಂಡಿತು.

ನಾನು ಯಾಕೆ ಇಲ್ಲಿ ನಿಂತುಬಿಟ್ಟೆ ಅಂತ ಹೇಳುತ್ತೇನೆ. ನಮ್ಮ ಸಭೆಯ ದೇವಾಲಯದ ಹೆಂಚು ಹಾಳಾಗಿ, ಮಳೆಗಾಲದಲ್ಲಿ ಬಲಿಪೀಠದ ಪಕ್ಕ ಬಕೆಟ್ ಇಡುತ್ತಿದ್ದೆವು. ಕೈಯಲ್ಲಿ ಹಣ ಇರಲಿಲ್ಲ. ನಾನು ಖಜಾಂಚಿ. ರಾತ್ರಿ ಮೊಣಕಾಲೂರಿ ಅತ್ತಿದ್ದೇನೆ, "ಕರ್ತನೇ, ನನ್ನ ಕೈಲಿ ಆಗುವುದಿಲ್ಲ" ಅಂತ. ಕಾಣಿಕೆ ಬಂತು. ಎಲ್ಲಿಂದಲೋ ಮರ ಬಂತು. ಹದಿನಾಲ್ಕು ತಿಂಗಳಿಗೆ ಕೆಲಸ ಮುಗಿಯಿತು. ಕೊನೆಯ ಸಾಲಿನ ಹೆಂಚು ನಾನೇ ಮೇಲೆ ಹತ್ತಿ ಕೂರಿಸಿದೆ.

ಹೋದ ತಿಂಗಳ ಕಮಿಟಿ ಮೀಟಿಂಗಿನಲ್ಲಿ ಯೌವನಸ್ಥರ ಸಂಘದ ಒಬ್ಬ ಹುಡುಗ, ಇಪ್ಪತ್ತೆರಡು ಇರಬಹುದು, ಮರ್ಯಾದೆಯಿಂದಲೇ ಕೇಳಿದ: "ಕಾಕಾ, ಮರಳಿನ ಬಿಲ್ ಒಮ್ಮೆ ನೋಡಬಹುದಾ?" ನಾನು ಮೇಜು ಗುದ್ದಿದೆ. "ಈ ಮಾಡಿನ ಮೇಲೆ ನಿಂತವನು ನಾನು. ಆಗ ನೀನೆಲ್ಲಿದ್ದೆ?" ಅಂದೆ. ಚಹಾ ಚೆಲ್ಲಿ ಲೆಕ್ಕದ ಪುಸ್ತಕದ ಮೇಲೆ ಹರಿಯಿತು. ನಾನು ಬರೆದ ಅಂಕಿಗಳ ಶಾಯಿ ನನ್ನ ಕಣ್ಣೆದುರೇ ಕದಡಿತು. ಯಾರೂ ಮಾತಾಡಲಿಲ್ಲ. ನನ್ನ ಮಗನೂ ಅಲ್ಲೇ ಕೂತಿದ್ದ.

ನಾನು ಒಂದು ರೂಪಾಯಿ ತಿಂದಿಲ್ಲ. ಆದರೂ ಆ ಸಿಟ್ಟು ಎಲ್ಲಿಂದ ಬಂತು? ಬಲ ಇಲ್ಲದಾಗ ನಾನು ತಗ್ಗಿದ್ದೆ. ಬಲ ಕೊಟ್ಟವನು ದೇವರು. ಹಾಗಾದರೆ ಆ ಬಲವೇ ನನ್ನನ್ನು ಕೆಡಿಸಿತಾ? ತಿಳಿದವರು ಬರೆಯಿರಿ.

ಬೈಬಲ್ ಕಾಲೇಜಿನ ವಿದ್ಯಾರ್ಥಿ

ಅಣ್ಣ, ಇಷ್ಟು ಮನಸ್ಸು ಬಿಚ್ಚಿ ಬರೆದಿದ್ದೀರಿ. ನಿಮ್ಮ ಪ್ರಶ್ನೆಗೆ ಈ ಅಧ್ಯಾಯದ ಹೆಸರುಗಳಲ್ಲೇ ಒಂದು ದಾರಿ ಇದೆ ಅಂತ ನನಗೆ ಅನ್ನಿಸುತ್ತದೆ. ನಮಗೆ ಇಬ್ರಿಯ ಭಾಷೆ ಕಲಿಸುವಾಗ ಇದನ್ನು ನೋಡಿ ಪುಸ್ತಕ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ.

ಉಜ್ಜೀಯ ಅಂದರೆ "ಯೆಹೋವನೇ ನನ್ನ ಬಲ". ಅಜರ್ಯ ಅಂದರೆ "ಯೆಹೋವನು ಸಹಾಯ ಮಾಡಿದನು". ಬಲ ಬರುವ ತನಕ ಆಶ್ಚರ್ಯವಾಗಿ ಸಹಾಯ ಸಿಕ್ಕಿತು ಅಂತ 15ನೇ ವಚನದಲ್ಲಿ ಇದೆಯಲ್ಲ, ಆ "ಸಹಾಯ"ಕ್ಕೂ ಅಜರ್ಯ ಅನ್ನುವ ಹೆಸರಿಗೂ ಇಬ್ರಿಯದಲ್ಲಿ ಒಂದೇ ಧಾತು. ಫಿಲಿಷ್ಟಿಯರ ವಿರುದ್ಧ ದೇವರು ಸಹಾಯ ಮಾಡಿದ ಅನ್ನುವ 7ನೇ ವಚನದಲ್ಲೂ ಅದೇ.

ಈಗ ಆ ದೃಶ್ಯ ಮತ್ತೆ ನೋಡಿ. "ಯೆಹೋವನೇ ನನ್ನ ಬಲ" ಅನ್ನುವ ಹೆಸರಿನ ಅರಸ ತನ್ನ ಬಲದ ಮೇಲೆ ಒಳಗೆ ನುಗ್ಗುತ್ತಾನೆ. ಅವನನ್ನು ತಡೆಯುವವನ ಹೆಸರು "ಯೆಹೋವನು ಸಹಾಯ ಮಾಡಿದನು". 52 ವರ್ಷದ ಆಳ್ವಿಕೆಯಲ್ಲಿ ಸಿಕ್ಕಿದ ಸಹಾಯವೆಲ್ಲಾ ಒಬ್ಬ ಮನುಷ್ಯನಾಗಿ ಬಾಗಿಲಲ್ಲಿ ನಿಂತ ಹಾಗೆ. ಅರಸನಿಗೆ ಮಾತ್ರ ಅದು ಸಹಾಯ ಅಂತ ಕಾಣಲಿಲ್ಲ, ಅಡ್ಡಿ ಅಂತ ಕಂಡಿತು. 2 ಅರಸುಗಳು 15ನೇ ಅಧ್ಯಾಯದಲ್ಲಿ ಇದೇ ಉಜ್ಜೀಯನನ್ನೂ ಅಜರ್ಯ ಅಂತಲೇ ಕರೆದಿದ್ದಾರೆ! ಅಂದರೆ ಎದುರು ನಿಂತವನು ಅವನದೇ ಇನ್ನೊಂದು ಹೆಸರು ಹೊತ್ತವನು.

ಹಾಗಾಗಿ ಬಲ ಕೆಡಿಸಿತು ಅಂತ ನಾನು ಓದುವುದಿಲ್ಲ ಅಣ್ಣ. ಸಹಾಯ ಸಿಕ್ಕಿದ್ದನ್ನು ಮರೆತದ್ದು ಕೆಡಿಸಿತು. ಧರ್ಮೋಪದೇಶಕಾಂಡ 8ರಲ್ಲಿ ಮೋಶೆ ಮೊದಲೇ ಎಚ್ಚರಿಸಿದ್ದ. ಹಸಿದಾಗ ಅಲ್ಲ, ಹೊಟ್ಟೆ ತುಂಬಿ ಒಳ್ಳೇ ಮನೆ ಕಟ್ಟಿಕೊಂಡು ಕೂತಾಗ "ಇದೆಲ್ಲಾ ನನ್ನ ಕೈಬಲದಿಂದಲೇ ಬಂತು" ಅಂದುಕೊಂಡೀರಿ, ಜೋಕೆ ಅಂತ.

ಮರಳಿನ ಬಿಲ್ ಕೇಳಿದ ಹುಡುಗ ನಿಮ್ಮ ಅಜರ್ಯ ಇರಬಹುದಾ? ಚಿಕ್ಕವನು ಕೇಳುತ್ತಿದ್ದೇನೆ, ತಪ್ಪಾಗಿದ್ದರೆ ಕ್ಷಮಿಸಿ.

ಧಾರವಾಡದ ಖಜಾಂಚಿ

ತಪ್ಪೇನಿಲ್ಲ ತಮ್ಮಾ. ಓದಿ ಮೊಬೈಲ್ ಬದಿಗಿಟ್ಟೆ. ಈಗ ಮತ್ತೆ ತೆಗೆದುಕೊಂಡು ಓದಿದೆ.

ಅಡಿಕೆ ತೋಟದಿಂದ

ನಾನು ಕರಾವಳಿಯ ಕಥೋಲಿಕ. ನಿಮ್ಮಷ್ಟು ವಚನ ಬಾಯಿಪಾಠ ಇಲ್ಲ. ಆದರೆ ಒಂದು ವಿಷಯ ಹೇಳಲೇಬೇಕು.

ಯೇಸು ಸಾಯುವ ಹಿಂದಿನ ರಾತ್ರಿ ಶಿಷ್ಯರ ಪಾದ ತೊಳೆದರಲ್ಲ, ಅದರ ನೆನಪಿಗೆ ಪವಿತ್ರ ಗುರುವಾರ ನಮ್ಮಲ್ಲಿ ಹನ್ನೆರಡು ಜನರ ಪಾದ ತೊಳೆಯುತ್ತಾರೆ. ಒಂದು ವರ್ಷ ನನ್ನನ್ನು ಕರೆದರು. ತೋಟದ ಕೆಲಸದ ಕಾಲು ನನ್ನದು. ಹಿಮ್ಮಡಿ ಒಡೆದು ಬಿರುಕಿನಲ್ಲಿ ಮಣ್ಣು ಕೂತಿರುತ್ತದೆ. ಆ ದಿನ ಮಧ್ಯಾಹ್ನ ಮನೆಯಲ್ಲಿ ಕಲ್ಲಿಗೆ ತಿಕ್ಕಿ ತಿಕ್ಕಿ ಎರಡು ಸಲ ಸೋಪು ಹಾಕಿ ತೊಳೆದೆ. ತೊಳೆಸಿಕೊಳ್ಳಲು ಹೋಗುವ ಕಾಲನ್ನು ತೊಳೆದುಕೊಂಡು ಹೋದೆ.

ಫಾದರ್ ಮೊಣಕಾಲೂರಿದರು. ಅವರಿಗೂ ವಯಸ್ಸಾಗಿತ್ತು, ಮಂಡಿನೋವು ಇತ್ತು, ಕೂರುವಾಗ ಒಂದು ಕೈ ನೆಲಕ್ಕೆ ಊರಿದರು. ನನ್ನ ಹಿಮ್ಮಡಿಯನ್ನು ಅಂಗೈಯಲ್ಲಿ ಹಿಡಿದರು. ಅಷ್ಟು ತೊಳೆದರೂ ಬಿರುಕಿನಲ್ಲಿ ಕಪ್ಪು ಗೆರೆ ಉಳಿದಿತ್ತು. ಕಾಲು ಹಿಂದಕ್ಕೆ ಎಳೆದುಕೊಳ್ಳೋಣ ಅನ್ನಿಸಿತು. ಆಗ ಯೇಸುವಿನ ಶಿಷ್ಯ ಪೇತ್ರ ಅರ್ಥವಾದ. "ನೀನು ಎಂದಿಗೂ ನನ್ನ ಕಾಲು ತೊಳೆಯಬಾರದು" ಅಂದನಲ್ಲ, ಅದನ್ನು ನಾನು ಅಷ್ಟು ವರ್ಷ ವಿನಯದ ಮಾತು ಅಂತ ತಿಳಿದಿದ್ದೆ. ಅಲ್ಲ. ನನ್ನ ಕೊಳೆ ಇನ್ನೊಬ್ಬರ ಕಣ್ಣಿಗೆ ಬೀಳಬಾರದು ಅನ್ನುವುದೂ ಹೆಮ್ಮೆಯೇ.

ಇನ್ನೊಂದು. ಯೊವಾನ್ನನ ಶುಭಸಂದೇಶ 13ರಲ್ಲಿ ಯೇಸು ಟವೆಲ್ ತೆಗೆದುಕೊಳ್ಳುವ ಮೊದಲು ಒಂದು ಸಾಲು ಇದೆ. ತಂದೆ ಎಲ್ಲವನ್ನೂ ತನ್ನ ಕೈಗೆ ಕೊಟ್ಟಿದ್ದಾನೆ, ತಾನು ದೇವರಿಂದ ಬಂದವನು ಅಂತ ಯೇಸುವಿಗೆ ಗೊತ್ತಿತ್ತು. ಗೊತ್ತಿದ್ದೇ ಎದ್ದು ಸೊಂಟಕ್ಕೆ ಬಟ್ಟೆ ಸುತ್ತಿಕೊಂಡರು. ಎಲ್ಲವೂ ಕೈಯಲ್ಲಿದೆ ಅಂತ ಗೊತ್ತಿರುವ ಕೈ ಹಿಡಿದದ್ದು ಧೂಳಿನ ಕಾಲುಗಳನ್ನು. ಅದರಲ್ಲಿ ಅವರನ್ನು ಹಿಡಿದುಕೊಟ್ಟ ಯೂದನ ಕಾಲೂ ಇತ್ತು, ಅವನು ಎದ್ದು ಹೋದದ್ದು ಆಮೇಲೆ.

ಪೋಪ್ ಫ್ರಾನ್ಸಿಸ್ 2013ರಲ್ಲಿ ಪೋಪ್ ಆದ ತಿಂಗಳಲ್ಲೇ ರೋಮಿನ ಬಾಲಾಪರಾಧಿಗಳ ಸೆರೆಮನೆಗೆ ಹೋಗಿ ಅಲ್ಲಿನ ಹುಡುಗ ಹುಡುಗಿಯರ ಪಾದ ತೊಳೆದರು. 2016ರಲ್ಲಿ ಹೆಂಗಸರ ಪಾದವನ್ನೂ ತೊಳೆಯಬಹುದು ಅಂತ ವಿಧಿಯನ್ನೇ ಬದಲಿಸಿದರು. ನನ್ನ ಹೆಂಡತಿ ಇದನ್ನು ಕೇಳಿ ಎಷ್ಟು ಖುಷಿಪಟ್ಟಳು ಅಂದರೆ, ಆ ಸಲ ನಮ್ಮ ಮನೆಯಲ್ಲಿ ಹಬ್ಬವೇ ಬೇರೆ ಥರ ಇತ್ತು.

ರಾತ್ರಿ ಪಾಳಿ, ಕುವೈತ್

ನಾನು ನರ್ಸ್. ಪಾಳಿ ಮುಗಿಸಿ ಬಂದು ಎಲ್ಲಾ ಓದಿದೆ. ಕಣ್ಣಲ್ಲಿ ನೀರು ಬಂತು, ಜೊತೆಗೆ ಒಂದು ಸಂಕಟವೂ ಬಂತು. ಅದನ್ನು ಹೇಳದೆ ಮಲಗಲು ಆಗುವುದಿಲ್ಲ.

ದೀನತೆ ಅನ್ನುವ ಮಾತು ನಮ್ಮ ಸಭೆಗಳಲ್ಲಿ ಯಾರಿಗೆ ಹೇಳುತ್ತಾರೆ? ನನ್ನ ಅಕ್ಕನನ್ನು ಗಂಡ ಹೊಡೆಯುತ್ತಿದ್ದ. ಅವಳು ತವರಿಗೆ ಬಂದಾಗ ಹಿರಿಯರು ಮನೆಗೆ ಬಂದರು. ಪ್ರಾರ್ಥನೆ ಮಾಡಿದರು. "ತಗ್ಗಿಸಿಕೊಳ್ಳಮ್ಮಾ, ದೇವರು ತಕ್ಕ ಕಾಲದಲ್ಲಿ ಮೇಲಕ್ಕೆ ತರುತ್ತಾನೆ" ಅಂತ 1 ಪೇತ್ರ 5ನೇ ಅಧ್ಯಾಯ ಓದಿ ವಾಪಸ್ ಕಳಿಸಿದರು. ಆರು ತಿಂಗಳಿಗೆ ಅವಳ ಎಡಗೈ ಮುರಿದಿತ್ತು. ಮೂಳೆ ಕೂಡಿದೆ. ಆದರೆ ಇವತ್ತಿಗೂ ಆ ಕೈಯಲ್ಲಿ ನೀರಿನ ಕೊಡ ಎತ್ತಲು ಆಗುವುದಿಲ್ಲ ಅವಳಿಗೆ.

ಆಮೇಲೆ ನಾನೇ ಆ ಅಧ್ಯಾಯವನ್ನು ಮೊದಲಿಂದ ಓದಿದೆ. ಅದು ಶುರುವಾಗುವುದೇ ಹಿರಿಯರಿಗೆ ಹೇಳುವ ಮಾತಿನಿಂದ! ಸಭೆಯವರ ಮೇಲೆ ದೊರೆತನ ಮಾಡಬೇಡಿ ಅಂತ ಮೂರನೇ ವಚನ. ಐದನೇ ವಚನದಲ್ಲಿ "ನೀವೆಲ್ಲರೂ ದೀನಮನಸ್ಸೆಂಬ ವಸ್ತ್ರದಿಂದ ಸೊಂಟಕಟ್ಟಿಕೊಳ್ಳಿ" ಅಂತ ಇದೆ. ಎಲ್ಲರೂ. ಕೈ ಎತ್ತಿದವನೂ, ತೀರ್ಪು ಹೇಳಲು ಬಂದವರೂ. ಸೊಂಟಕ್ಕೆ ಬಟ್ಟೆ ಕಟ್ಟಿಕೊಳ್ಳುವ ಮಾತು ಪೇತ್ರನಿಗೆ ಎಲ್ಲಿಂದ ಬಂತು ಅಂತ ತೋಟದ ಅಣ್ಣ ಈಗ ತಾನೇ ಹೇಳಿದ್ದಾರೆ. ಅವನು ಆ ರಾತ್ರಿ ನೋಡಿದ್ದ.

ಯೇಸುವಿನ ತಾಯಿ ಮರಿಯಮ್ಮನ ಹಾಡಿನಲ್ಲೂ ಹಾಗೆಯೇ. ಪ್ರಭುಗಳನ್ನು ಸಿಂಹಾಸನದಿಂದ ದೊಬ್ಬಿ ದೀನರನ್ನು ಮೇಲಕ್ಕೆ ತಂದಿದ್ದಾನೆ. ಕೆಳಗೆ ಇರುವವರಿಗೆ ಇನ್ನೂ ಕೆಳಗೆ ಹೋಗಿ ಅಂತ ಅವಳು ಹಾಡಲಿಲ್ಲ.

ಖಜಾಂಚಿ ಅಣ್ಣ, ನಿಮ್ಮ ಬಗ್ಗೆ ಅಲ್ಲ ಇದು. ನೀವು ನಿಮ್ಮನ್ನೇ ಕೇಳಿಕೊಂಡಿರಿ. ಹಾಗೆ ಕೇಳಿಕೊಳ್ಳುವ ಗಂಡಸರನ್ನು ನಾನು ಜಾಸ್ತಿ ನೋಡಿಲ್ಲ.

ಹಳೇ ಸಿಪಾಯಿ

ತಂಗಿ, ನಿನ್ನ ಅಕ್ಕನ ವಿಷಯ ಓದಿ ರಕ್ತ ಕುದಿಯಿತು. ಓದಿದ ವಚನ ಸರಿ, ಓದಿ ಹೇಳಿದ ಮನೆ ತಪ್ಪು. ಅವನ ಮನೆಗೆ ಹೋಗಬೇಕಿತ್ತು.

ನಾನು ಸೈನ್ಯದಲ್ಲಿ ಇದ್ದವನು. ನ್ಯಾಯಸ್ಥಾಪಕರು 7 ಓದಿದಾಗೆಲ್ಲಾ ನನಗೆ ತಲೆ ತಿರುಗುತ್ತದೆ. ಇಸ್ರಾಯೇಲ್ಯರ ನಾಯಕ ಗಿದ್ಯೋನನ ಹತ್ತಿರ 32,000 ಜನ. ಎದುರಿಗೆ ಮಿದ್ಯಾನ್ಯರು ಮಿಡತೆಯಂತೆ. ದೇವರು ಏನು ಹೇಳುತ್ತಾನೆ? ಜನ ಜಾಸ್ತಿ ಆಯಿತು ಅಂತ! ಹೆದರಿಕೆ ಇರುವವರು ಹೋಗಿ ಅಂದಾಗ 22,000 ಜನ ಎದ್ದು ಹೋದರು. ಉಳಿದ 10,000ವೂ ಜಾಸ್ತಿಯೇ. ಹಳ್ಳದಲ್ಲಿ ನೀರು ಕುಡಿಯುವುದನ್ನು ನೋಡಿ ಕೊನೆಗೆ 300. ಕಾರಣವನ್ನೂ ಬಾಯಿಬಿಟ್ಟು ಹೇಳಿದ್ದಾನೆ: ಇಸ್ರಾಯೇಲ್ಯರು "ನಮ್ಮ ಕೈಯೇ ನಮ್ಮನ್ನು ಉಳಿಸಿತು" ಅಂತ ಉಬ್ಬಬಾರದು.

ಆದರೆ ಮುಂದಿನ ಅಧ್ಯಾಯ ಬಹಳ ಜನ ಓದುವುದಿಲ್ಲ. ಅದೇ ಗಿದ್ಯೋನ ಗೆದ್ದ ಮೇಲೆ ಅರಸನಾಗು ಅಂದರೆ "ನಾನಲ್ಲ, ಯೆಹೋವನೇ ನಿಮ್ಮನ್ನು ಆಳಲಿ" ಅನ್ನುತ್ತಾನೆ. ಎಂಥಾ ಒಳ್ಳೇ ಮಾತು. ಹಿಂದೆಯೇ ಎಲ್ಲರ ಕೊಳ್ಳೆಯ ಬಂಗಾರದ ವಾಲೆ ಕೇಳಿ ಇಸಿದುಕೊಂಡು, 1,700 ಶೆಕೆಲ್ ತೂಕದ ಬಂಗಾರದಲ್ಲಿ ಏಫೋದು (ಯಾಜಕರು ತೊಡುವಂಥ ಉಡುಪು) ಮಾಡಿಸಿ ತನ್ನ ಊರಲ್ಲಿ ಇಟ್ಟ. ಅದೇ ಅವನ ಮನೆಗೆ ಉರುಲಾಯಿತು. ಬಾಯಿ ತಗ್ಗಿತ್ತು, ಕೈ ತಗ್ಗಿರಲಿಲ್ಲ. ಯುದ್ಧದ ಮುಂಚೆ ಹೆದರಿ ಗುರುತು ಕೇಳುತ್ತಿದ್ದ ಗಿದ್ಯೋನನೇ ನನಗೆ ಹೆಚ್ಚು ಹತ್ತಿರ.

ಬೈಬಲ್ ಕಾಲೇಜಿನ ವಿದ್ಯಾರ್ಥಿ

ಅಕ್ಕ, ನಿಮ್ಮ ಮಾತಿಗೆ ಉತ್ತರ ಕೊಡಲು ನಾನು ಯಾರೂ ಅಲ್ಲ. ಆದರೆ ನಿಮ್ಮ ಮಾತು ಅಪೊಸ್ತಲ ಪೌಲನ ಬದುಕಿನಲ್ಲೇ ಇದೆ, ಅದನ್ನು ತೋರಿಸಬೇಕು ಅನ್ನಿಸಿತು.

ದೀನತೆಯ ಬಗ್ಗೆ ಹೊಸ ಒಡಂಬಡಿಕೆಯಲ್ಲಿ ದೊಡ್ಡ ಮಾತು ಯಾವುದು ಅಂದರೆ ಎಲ್ಲರೂ ಫಿಲಿಪ್ಪಿಯವರಿಗೆ ಬರೆದ ಪತ್ರಿಕೆಯ 2ನೇ ಅಧ್ಯಾಯ ಅನ್ನುತ್ತಾರೆ. ಕ್ರಿಸ್ತನು ದೇವರ ರೂಪದಲ್ಲಿದ್ದರೂ ತನ್ನನ್ನು ಬರಿದು ಮಾಡಿಕೊಂಡು ದಾಸನ ರೂಪ ತೊಟ್ಟನು, ಶಿಲುಬೆಯ ಮರಣದ ತನಕ ತಗ್ಗಿದನು. ಆದರೆ ಪೌಲ ಅದೇ ಫಿಲಿಪ್ಪಿ ಊರಿನಲ್ಲಿ ಮೊದಲು ಏನು ಮಾಡಿದ್ದ? ಅಪೊಸ್ತಲರ ಕೃತ್ಯಗಳು 16 ನೋಡಿ.

ಫಿಲಿಪ್ಪಿ ರೋಮಿನ ವಸಾಹತು. ಯುದ್ಧ ಮುಗಿಸಿದ ರೋಮನ್ ಸೈನಿಕರಿಗೆ ಜಮೀನು ಕೊಟ್ಟು ನೆಲೆ ಮಾಡಿಸಿದ ಊರು. ರೋಮನ್ ಪೌರರು ಅನ್ನುವ ಹೆಮ್ಮೆ ಅಲ್ಲಿ ಜಾಸ್ತಿ. ಪೌಲ, ಸೀಲರನ್ನು ವಿಚಾರಣೆ ಇಲ್ಲದೆ ಎಲ್ಲರೆದುರು ಬಟ್ಟೆ ಹರಿದು ಬೆತ್ತದಲ್ಲಿ ಹೊಡೆಸಿ ಸೆರೆಗೆ ಹಾಕಿದರು. ಬೆಳಗ್ಗೆ ಅಧಿಕಾರಿಗಳು "ಅವರನ್ನು ಬಿಟ್ಟುಬಿಡಿ" ಅಂತ ಹೇಳಿ ಕಳಿಸಿದರು. ಪೌಲ ಸುಮ್ನೆ ಹೋಗಬಹುದಿತ್ತು. ಹೋಗಲಿಲ್ಲ. "ರೋಮನ್ನರಾದ ನಮ್ಮನ್ನು ಎಲ್ಲರೆದುರು ಹೊಡೆಸಿದರು, ಈಗ ಗುಟ್ಟಾಗಿ ಕಳಿಸುತ್ತಾರಾ? ಅವರೇ ಬಂದು ಕರೆದುಕೊಂಡು ಹೋಗಲಿ" ಅಂದ. ಅವರು ಬಂದರು, ಬೇಡಿಕೊಂಡರು.

ಇದು ಹೆಮ್ಮೆಯಾ? ನಾನು ಹಾಗೆ ಓದುವುದಿಲ್ಲ. ಊರು ಬಿಡುವ ಮೊದಲು ಅವನು ಅಲ್ಲಿ ನಂಬಿಕೆಗೆ ಬಂದಿದ್ದ ಲುದ್ಯಳ ಮನೆಗೆ ಹೋಗಿ ವಿಶ್ವಾಸಿಗಳಿಗೆ ಧೈರ್ಯ ಹೇಳುತ್ತಾನೆ. ಅವರು ಅದೇ ಊರಲ್ಲಿ ಬದುಕಬೇಕಿತ್ತು. ಪೌಲ ಗುಟ್ಟಾಗಿ ಜಾರಿಕೊಂಡಿದ್ದರೆ ನಾಳೆ ಆ ಬೆತ್ತ ಲುದ್ಯಳ ಮನೆಯವರ ಬೆನ್ನಿಗೆ ಬರುತ್ತಿತ್ತು. ಹೊಡೆದದ್ದನ್ನು ಹೊಡೆದದ್ದು ಅಂತ ಹೇಳಿಸುವುದು ಅವರಿಗೆ ಬೇಲಿಯಾಯಿತು. ಅಕ್ಕನಿಗೆ ಹಿರಿಯರು ಈ ಅಧ್ಯಾಯ ಓದಿದ್ದರೆ!

ಅದೇ ಪೌಲ ತನ್ನ ವಿಷಯ ಬಂದಾಗ ಏನು ಕೊಚ್ಚಿಕೊಳ್ಳುತ್ತಾನೆ ನೋಡಿ. ರೋಮನ್ ಸೈನ್ಯದಲ್ಲಿ ವೈರಿಯ ಕೋಟೆಗೋಡೆಯನ್ನು ಮೊದಲು ಹತ್ತಿದವನಿಗೆ ಬಂಗಾರದ ಕಿರೀಟ ಕೊಡುತ್ತಿದ್ದರು. ಪೌಲ 2 ಕೊರಿಂಥ 11ರ ಕೊನೆಯಲ್ಲಿ ತನ್ನ ಸಾಹಸ ಹೇಳುತ್ತಾನೆ: ದಮಸ್ಕದಲ್ಲಿ ನನ್ನನ್ನು ಹಿಡಿಯಲು ಕಾದಿದ್ದರು, ಕಿಟಕಿಯಿಂದ ಬುಟ್ಟಿಯಲ್ಲಿ ಕೂರಿಸಿ ಗೋಡೆಯಿಂದ ಕೆಳಗೆ ಇಳಿಸಿದರು. ಬೇರೆಯವರು ಗೋಡೆ ಹತ್ತಿದ್ದನ್ನು ಹೇಳಿಕೊಳ್ಳುತ್ತಿದ್ದ ಕಾಲದಲ್ಲಿ ಇವನು ಇಳಿದದ್ದನ್ನು ಹೇಳಿಕೊಂಡ. ಅದೂ ಬೇರೆಯವರು ಹಿಡಿದ ಹಗ್ಗದಿಂದ.

ರಾತ್ರಿ ಪಾಳಿ, ಕುವೈತ್

ತಮ್ಮಾ, ಈ ಭಾಗವನ್ನು ಅಕ್ಕನಿಗೆ ಕಳಿಸಿದೆ. ಅವಳು ಈಗ ನಮ್ಮ ಅಮ್ಮನ ಜೊತೆ ಇದ್ದಾಳೆ, ಹೊಲಿಗೆ ಕೆಲಸ ಮಾಡುತ್ತಾಳೆ. "ಅವರೇ ಬರಲಿ ಅಂದನಾ ಪೌಲ?" ಅಂತ ಎರಡು ಸಲ ಕೇಳಿದಳು.

2 ಕೊರಿಂಥದ ಮುಂದಿನ ಅಧ್ಯಾಯದಲ್ಲಿ ಪೌಲ ತನ್ನ ಶರೀರದಲ್ಲಿ ನಾಟಿದ ಮುಳ್ಳು ಅಂತ ತನ್ನ ಒಂದು ಸಂಕಟ ಹೇಳಿಕೊಳ್ಳುತ್ತಾನಲ್ಲ, ಅದರ ಬಗ್ಗೆ ಒಂದು ಮಾತು. ಮೂರು ಸಲ ಬೇಡಿದರೂ ಅದು ಹೋಗಲಿಲ್ಲ. "ನನ್ನ ಕೃಪೆಯೇ ನಿನಗೆ ಸಾಕು" ಅನ್ನುವ ಉತ್ತರ ಬಂತು. ನಾನು ವಾರ್ಡಿನಲ್ಲಿ ದಿನಾ ನೋಡುತ್ತೇನೆ, ಒಂದು ಲೋಟ ನೀರನ್ನೂ ಕೇಳಿ ಕುಡಿಯಬೇಕಾದ ಸ್ಥಿತಿ ಎಂಥ ದೊಡ್ಡವರಿಗೂ ಬರುತ್ತದೆ. ಕೆಲವರು ಕೇಳುವುದಿಲ್ಲ, ಬಾಯಿ ಒಣಗಿಸಿಕೊಂಡು ಗೋಡೆಗೆ ಮುಖ ಮಾಡಿ ಮಲಗುತ್ತಾರೆ. ಕೇಳುವವರು ಬೇಗ ಗೆಲುವಾಗುತ್ತಾರೆ ಅಂತ ನಾನು ಹೇಳುತ್ತಿಲ್ಲ. ಆದರೆ ಅವರ ಹಾಸಿಗೆಯ ಹತ್ತಿರ ನಿಲ್ಲುವುದು ಬೇರೆಯೇ ಥರ ಇರುತ್ತದೆ.

ಹಳೇ ಶಾಸನಗಳ ಓದುಗ

ಉಜ್ಜೀಯನ ಬಗ್ಗೆ ಒಂದು ಸಂಗತಿ ಸೇರಿಸುತ್ತೇನೆ. 1931ರಲ್ಲಿ ಸುಕೆನಿಕ್ ಅನ್ನುವ ವಿದ್ವಾಂಸರು ಜೆರುಸಲೇಮಿನ ಎಣ್ಣೇಮರಗಳ ಗುಡ್ಡದ ರಷ್ಯನ್ ಮಠದ ಸಂಗ್ರಹದಲ್ಲಿ ಒಂದು ಕಲ್ಲನ್ನು ಗುರುತಿಸಿದರು. ಅರಾಮಿಕ್ ಭಾಷೆಯ ಬರಹ. "ಯೆಹೂದದ ಅರಸ ಉಜ್ಜೀಯನ ಎಲುಬುಗಳನ್ನು ಇಲ್ಲಿಗೆ ತರಲಾಯಿತು. ತೆರೆಯಬಾರದು" ಅಂತ ಅದರ ಅರ್ಥ. ಅಕ್ಷರ ನೋಡಿದರೆ ಅವನು ಸತ್ತು ಏಳು ಶತಮಾನ ಆದ ಮೇಲಿನದು. ಈಗ ಇಸ್ರೇಲ್ ಮ್ಯೂಸಿಯಮ್ಮಿನಲ್ಲಿದೆ.

3,07,500 ಸೈನಿಕರ ಅರಸ. ಸತ್ತಾಗ "ಅವನು ಕುಷ್ಠರೋಗಿ" ಅಂತ ಬೇರೆ ಹೊಲದಲ್ಲಿ ಹೂಳಿದರು. ಎಲುಬನ್ನೂ ಒಂದೇ ಕಡೆ ಇರಲು ಬಿಡಲಿಲ್ಲ. ಆ ಕಲ್ಲಿನ ಚಿತ್ರ ನೋಡಿದಾಗ ನನಗೆ ಅವನ ಮೇಲೆ ಕನಿಕರವೇ ಬಂತು.

ಪ್ರವಾದಿ ಯೆಶಾಯ ದೇವರ ದರ್ಶನ ಕಂಡದ್ದು "ಅರಸನಾದ ಉಜ್ಜೀಯನು ಮರಣಹೊಂದಿದ ವರ್ಷದಲ್ಲಿ". ಆಗ ಯೆಶಾಯ "ನಾನು ಅಶುದ್ಧ ತುಟಿಯವನು" ಅನ್ನುತ್ತಾನೆ. ಕುಷ್ಠ ಬಂದವನು ಬಾಯಿ ಮುಚ್ಚಿಕೊಂಡು "ಅಶುದ್ಧ, ಅಶುದ್ಧ" ಅಂತ ಕೂಗಬೇಕು ಅನ್ನುವುದು ಯಾಜಕಕಾಂಡ 13ರ ನಿಯಮ. ಅರಸ ದೇವಾಲಯಕ್ಕೆ ನುಗ್ಗಿ ಹಾಗೆ ಕೂಗಬೇಕಾದ ಸ್ಥಿತಿಗೆ ಬಂದ. ಪ್ರವಾದಿ ಆ ಮಾತನ್ನು ತಾನೇ ಆಡಿದ, ಅವನ ತುಟಿಗೆ ಯಜ್ಞವೇದಿಯ ಕೆಂಡ ಬಂತು.

ಧಾರವಾಡದ ಖಜಾಂಚಿ

ಎಲ್ಲರದ್ದೂ ಓದಿದೆ. ಕೆಲವನ್ನು ಮಗನಿಂದ ಜೋರಾಗಿ ಓದಿಸಿ ಕೇಳಿದೆ.

ನಿನ್ನೆ ಸಂಜೆ ಆ ಹುಡುಗನ ಮನೆಗೆ ಹೋಗಿದ್ದೆ. ಮೊದಲು ಫೋನಿನಲ್ಲೇ ಹೇಳಿಬಿಡೋಣ ಅಂದುಕೊಂಡಿದ್ದೆ. ತೋಟದ ತಮ್ಮ ಬರೆದ ಆ ಕಪ್ಪು ಗೆರೆ ನೆನಪಾಗಿ ಎದ್ದು ನಡೆದೇ ಹೋದೆ. ಅವನ ತಾಯಿ ಬಾಗಿಲು ತೆಗೆದರು. ನನ್ನನ್ನು ನೋಡಿ ಹೆದರಿದರು, ಮತ್ತೆ ಜಗಳಕ್ಕೆ ಬಂದೆ ಅಂತ. ಅದು ನನಗೆ ಬಹಳ ನಾಟಿತು. "ತಪ್ಪಾಯಿತಪ್ಪಾ, ನೀನು ಕೇಳಿದ್ದು ಸರಿ" ಅಂದೆ. ಅವನು "ಬಿಡ್ರಿ ಕಾಕಾ" ಅಂದ. ಬಿಡುವುದು ಬೇಡ, ನೀನೇ ಬಂದು ಲೆಕ್ಕ ನೋಡು, ಮುಂದಿನ ಮೀಟಿಂಗಿನಲ್ಲಿ ಎಲ್ಲರೆದುರು ನಾನೇ ಹೇಳುತ್ತೇನೆ ಅಂದೆ. ಎಲ್ಲರೆದುರು ಬೈದಿದ್ದೆ ಅಲ್ವಾ.

ಕುವೈತಿನ ತಂಗಿ, ನಿನ್ನ ಮಾತು ನಮ್ಮ ಪಾಸ್ಟರಿಗೆ ಹೇಳಿದೆ. ನಮ್ಮ ಸಭೆಯಲ್ಲೂ ಅಂಥ ಎರಡು ಮನೆ ಇವೆ. ಹಿರಿಯರ ಜೊತೆ ಕೂತು ಮಾತಾಡೋಣ, 1 ಪೇತ್ರ 5ನ್ನು ಮೊದಲ ವಚನದಿಂದ ಓದೋಣ ಅಂದರು.

ಉಜ್ಜೀಯನ ಮಗ ಯೋತಾಮನ ಬಗ್ಗೆ ಮುಂದಿನ ಅಧ್ಯಾಯಕ್ಕೆ ಈಗ ಹೋಗಿದ್ದೇನೆ. ಅಪ್ಪ ಮಾಡಿದ ಒಳ್ಳೆಯದನ್ನೆಲ್ಲಾ ಮಾಡಿದ, ಆದರೆ ಅಪ್ಪನ ಹಾಗೆ ದೇವಾಲಯದೊಳಗೆ ನುಗ್ಗಲಿಲ್ಲ ಅಂತ ಇದೆ. ಆ ಸಾಲು ಓದುವಾಗ ನನ್ನ ಮಗ ಸ್ವಲ್ಪ ನಿಲ್ಲಿಸಿ ನನ್ನ ಮುಖ ನೋಡಿದ. ಆಮೇಲೆ ಮುಂದೆ ಓದಿದ.

ಇವತ್ತು ಇಬ್ಬರು ಹುಡುಗರೂ ನಮ್ಮ ಪಡಸಾಲೆಯಲ್ಲಿ ಲೆಕ್ಕದ ಪುಸ್ತಕ ಹರಡಿಕೊಂಡು ಕೂತಿದ್ದರು. ಚಹಾ ಬಿದ್ದ ಹಾಳೆಯನ್ನು ಬೆಳಕಿಗೆ ಹಿಡಿದು ಅಂಕಿ ಓದಿ ಹೊಸದಾಗಿ ಬರೆದರು. ಮರಳಿನ ಎರಡು ಲೋಡಿನ ಬಿಲ್ ನಿಜವಾಗಿಯೂ ಇಲ್ಲ. ನಾನು ಇಸಿದುಕೊಂಡೇ ಇಲ್ಲ, ಆ ದಿನ ಅವಸರದಲ್ಲಿದ್ದೆ. ನಾಳೆ ಬೆಳಗ್ಗೆ ಲಾರಿಯವನ ಹತ್ತಿರ ಹೋಗಿ ಕೇಳಬೇಕು. ಹುಡುಗನೂ ಬರುತ್ತೇನೆ ಅಂದಿದ್ದಾನೆ.